ತುಟಿಗೆ ಸಿಕ್ಕ ಗಂಟು

ಓಣಿಯ ಕೊನೆಯ ದರ್ಜಿ ಅಂಗಡಿಯಲ್ಲಿ ಅಳತೆ, ಕತ್ತರಿ, ಮಷೀನು ಎಲ್ಲ ತಂಗಿಯದು. ಕಾಜಾ ಮಾತ್ರ ಅಕ್ಕನದು. ಗುಂಡಿ ತೂರುವ ಸೀಳಿನ ಅಂಚನ್ನು ಅವಳು ಕೈಯಲ್ಲೇ ಹೊಲಿಯುತ್ತಿದ್ದಳು, ಅದೂ ಬಂದವರ ಜೊತೆ ಹರಟುತ್ತಾ, ಬಟ್ಟೆಯ ಕಡೆ ಕಣ್ಣೂ ಹಾಯಿಸದೆ. ಊರಿಗೆಲ್ಲ ಅವಳು ಕಾಜಾ ಅಕ್ಕ.

ಅಕ್ಕನ ಕ್ಯಾನ್ಸರ್‌ಗೆ ಕೊಟ್ಟ ಔಷಧ ಗೆಡ್ಡೆಯ ಜೊತೆ ಕೂದಲನ್ನೂ ಒಯ್ದಿತು. ಅದಕ್ಕೆ ಅಕ್ಕ ತಲೆ ಕೆಡಿಸಿಕೊಳ್ಳಲಿಲ್ಲ. "ಬಾಚಣಿಗೆಗೂ ರಜಾ ಬೇಡ್ವಾ?" ಅಂದಳು. ಆದರೆ ಬೆರಳ ತುದಿಗಳು ಜೋಮು ಹಿಡಿದು ಹಾಗೇ ಉಳಿದವು. ನರಗಳು ಸುಧಾರಿಸಲು ಸಮಯ ಬೇಕು, ಪೂರ್ತಿ ಸರಿಹೋಗದೆಯೂ ಇರಬಹುದು ಎಂದರು ಡಾಕ್ಟರು.

ಅಂಗಡಿಗೆ ಮರಳಿದ ದಿನವೇ ಒಂದು ಅಂಗಿಗೆ ಕಾಜಾ ಹಾಕಿ ಎದ್ದಳು. ಅಂಗಿಯೂ ಅವಳ ಜೊತೆಗೇ ಎದ್ದು ಬಂತು. ಅದನ್ನು ತನ್ನ ಉಡುಪಿಗೇ ಸೇರಿಸಿ ಹೊಲಿದುಬಿಟ್ಟಿದ್ದಳು! ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಮೊದಲು ನಗು ನಿಂತದ್ದು ಅಕ್ಕನದು.

"ಕೈ ಇದ್ದೂ ಇಲ್ಲದ ಹಾಗಾಯ್ತಲ್ಲೇ."

ತಂಗಿ ಹೊಲಿಗೆ ಬಿಚ್ಚಿ ಅಂಗಿಯನ್ನು ಬಿಡಿಸಿದಳು. ಅಂಗಡಿ ನಡೆಯಬೇಕಲ್ಲ. 'ಕಾಜಾ ಹಾಕುವವರು ಬೇಕಾಗಿದ್ದಾರೆ' ಎಂದು ರಟ್ಟಿನ ಮೇಲೆ ಬರೆದಳು. ನೇತುಹಾಕಲು ಮನಸ್ಸು ಬಾರದೆ ಮೇಜಿನಡಿ ತುರುಕಿದಳು. ಅಕ್ಕನ ಕಣ್ಣಿಗೆ ಬೀಳದೆ ಇರುತ್ತದೆಯೇ?

"ಈ ಕರಿ ಕೋಟಿನ ಕಾಜಾ ನಾನು ಹಾಕ್ತೀನಿ. ಆಗ್ಲಿಲ್ಲಾಂದ್ರೆ ಆ ರಟ್ಟು ನಾನೇ ನೇತುಹಾಕ್ತೀನಿ."

ಕರಿ ಬಟ್ಟೆ, ಕರಿ ದಾರ! ಕಣ್ಣಿಗೆ ನಿಲುಕದು, ಬೆರಳಿಗೇ ಗೊತ್ತಾಗಬೇಕು. ಹೋಗಿ ಹೋಗಿ ಇದನ್ನೇ ಆರಿಸಿಕೊಂಡ ಹಟಮಾರಿಗೆ ಏನೆನ್ನುವುದು? ಅಕ್ಕ ಕಿಟಕಿಯ ಬಳಿ ಕೂತು, ಪ್ರತಿ ಹೊಲಿಗೆಗೂ ಸೀಮೆಸುಣ್ಣದ ಗೆರೆ ಎಳೆದುಕೊಂಡಳು. ಸೂಜಿ ಚುಚ್ಚಿದರೆ ತಿಳಿಯುವುದಿಲ್ಲವೆಂದು ಬೆರಳುಗಳಿಗೆ ಪಟ್ಟಿ ಸುತ್ತಿಕೊಂಡಳು. ಒಂದು ಹೊಲಿಗೆ ಹಾಕುವುದು, ಅದನ್ನು ತುಟಿಗೆ ಒತ್ತಿ ಸವರುವುದು, ಇನ್ನೊಂದು ಹಾಕುವುದು. ಔಷಧದಿಂದಾದ ಬಾಯಿಹುಣ್ಣು ಮಾಯ್ದು ತುಟಿಗಳು ಮೊದಲಿನಂತಾಗಿದ್ದವು, ಪುಣ್ಯ. ಹರಟೆಗೆ ಬಂದವರು ಸಪ್ಪೆ ಮೋರೆ ಹಾಕಿಕೊಂಡು ಹೋದರು. ಸುಸ್ತಾದಾಗ ಅಕ್ಕ ಬಟ್ಟೆಯ ಥಾನಿಗೆ ತಲೆಯಾನಿಸಿ ಒರಗುತ್ತಿದ್ದಳು, ಎದ್ದು ಮತ್ತೆ ಸೂಜಿ ಹಿಡಿಯುತ್ತಿದ್ದಳು.

ಕೊನೆಗೊಮ್ಮೆ ಕೋಟು ತಂಗಿಯ ಕೈಗೆ ಬಂತು. ಒಂದೊಂದು ಕಾಜಾದ ಮೇಲೂ ಬೆರಳಾಡಿಸಿದಳು. "ಒಂದೂ ತಪ್ಪಿಲ್ಲ ಅಕ್ಕಾ!"

"ಕೆಳಗಿಂದ ಎರಡನೇದು ನೋಡೇ. ಮೂಲೆಯಲ್ಲೊಂದು ಗಂಟು ಎದ್ದಿದೆ. ಕೊಡಿಲ್ಲಿ, ಬಿಚ್ಬೇಕು."

ತಂಗಿ ಮತ್ತೆ ಸವರಿದಳು. ಏನೂ ಸಿಗಲಿಲ್ಲ. ಸಂಕೋಚದಿಂದಲೇ ಕೋಟನ್ನು ತುಟಿಗೆ ಒತ್ತಿದಳು. ಇತ್ತು, ಸಾಸಿವೆಗಿಂತ ಸಣ್ಣದು.

ತಂಗಿ ಮೇಜಿನಡಿಯ ರಟ್ಟನ್ನು ಎಳೆದು, ಕಾಲರಿನ ನಮೂನೆಗೆ ಕತ್ತರಿಸತೊಡಗಿದಳು. ಅಕ್ಕ ಗಂಟು ಬಿಚ್ಚುತ್ತಾ ಕೂತಿದ್ದಳು.

"ನಿಧಾನ ಕಣೇ," ಅಂದಳು, "ನಿನ್ನ ಉಡುಪೂ ಸೇರಿಸಿ ಕತ್ತರಿಸ್ಕೊಂಡೀಯ."