ಮೋರಿ ಬಾಚದ ಎಂಟು ದಿನ

ಇನ್ನೂ ನಸುಕು. ಕೊಳ್ಳೇಗಾಲದಿಂದ ಹನೂರಿಗೆ ಹೋಗುವ ಮೊದಲ ಬಸ್ಸು ಈಗಷ್ಟೇ ದೂಳೆಬ್ಬಿಸಿ ಹೋಗಿದೆ. ಗಿರಣಿ ಬಡಾವಣೆಯ ಮೋರಿ ಪಕ್ಕ ಪುಟ್ಟಬಸಮ್ಮ ಕೈಕಟ್ಟಿ ನಿಂತಿದ್ದಾರೆ. ಮೋರಿ ತುಂಬಿ ಬೀದಿಗೆ ಹರಿದಿದೆ. ಆರು ವರ್ಷದಿಂದ ದಿನಾ ಈ ಹೊತ್ತಿಗೆ ಹನ್ನೆರಡು ಮಂಕರಿ ಕೊಚ್ಚೆ ಎತ್ತಿ ಹಾಕಿದ ಹೆಂಗಸು, ಇವತ್ತಿಗೆ ಎಂಟನೇ ದಿನ, ಸುಮ್ಮನೆ ನೋಡುತ್ತಿದ್ದಾರೆ.

"ಕೈ ನವೆ ಆಯ್ತದೆ ಕಣಪ್ಪ. ಸಂತೆಗೋಗೋರು ಮೂಗು ಮುಚ್ಕಂಡು ಓಯ್ತಾರೆ. ನನ್ ಮಖಕ್ಕೇ ಉಗ್ದಂಗಾಯ್ತದೆ."

೧೯೬೪ರಲ್ಲಿ ಅಕ್ಕಿ ಗಿರಣಿಯ ಸಾಹುಕಾರರೊಬ್ಬರು ತಮ್ಮ ಹೊಲವನ್ನು ಸೈಟು ಮಾಡಿ ನಲವತ್ತೆರಡು ಮನೆಯವರಿಗೆ ಮಾರಿದರು. ರಸ್ತೆ, ನೀರು, ದೀಪ ಎಲ್ಲ ನನ್ನ ಜವಾಬ್ದಾರಿ ಅಂದರು. ರಸ್ತೆ ಮಣ್ಣಾಗಿಯೇ ಉಳಿಯಿತು. ಇರುವ ಒಂದೇ ನಲ್ಲಿಯ ಬೀಗದ ಕೈ ಅವರ ಗುಮಾಸ್ತ ಜಡೇಸ್ವಾಮಿಯ ಉಡಿದಾರದಲ್ಲಿ. ಆತ ನೆಂಟರ ಮದುವೆಗೆ ಹೋದರೆ ಬಡಾವಣೆಯೇ ಬಾಯಾರಿ ಕೂರಬೇಕು. ಪುರಸಭೆಯನ್ನು ಕೇಳಿದರೆ ಅದು ಖಾಸಗಿ ಜಾಗ. ಸಾಹುಕಾರರನ್ನು ಕೇಳಿದರೆ ಮಾರಿ ಆಯಿತಲ್ಲ. ಹಾಗಾದರೆ ನಲವತ್ತೆರಡು ಮನೆಯ ಕೊಚ್ಚೆ ಯಾರಪ್ಪನದು?

ಪುಟ್ಟಬಸಮ್ಮನಿಗೆ ರೇಷ್ಮೆ ನೂಲು ಬಿಚ್ಚುವ ಕೆಲಸ. ಹಗಲೆಲ್ಲ ಕುದಿನೀರಿನಲ್ಲಿ ಗೂಡು ಅದ್ದಿ ಎಳೆ ಹಿಡಿದು ಬೆರಳು ಬೆಂದು ಬಿಳಿಚಿವೆ. ಅದೇ ಬೆರಳಲ್ಲಿ ಅವರು ಮೋರಿ ಬಾಚುವುದು ಮೈದುನ ರುದ್ರಸ್ವಾಮಿಗೆ ಹಿಡಿಸದು.

"ಲಿಂಗ ಇಡಿಯೋ ಕೈಲಿ ಮೋರಿ ಎತ್ತೀಯಲ್ಲ ಅತ್ಗೆ, ಮನೆ ಮಾನ ಕಳ್ದೆ."

"ನಿನ್ ಬಚ್ಚಲ್ ನೀರೂ ಇದ್ರಲ್ಲೇ ಅರೀತದೆ ಕಣಪ್ಪ. ಮಾನ ಇದ್ರೆ ಒಂದ್ ಮಂಕರಿ ಇಡ್ಕಂಡ್ ಬಾ."

ಬಡಾವಣೆಯನ್ನು ಪುರಸಭೆಯೇ ವಹಿಸಿಕೊಳ್ಳಲಿ ಎಂದು ಮನೆಮನೆ ತಿರುಗಿದವರೂ ಇವರೇ. ಓದು ಬರದು, ಬರೆದುಕೊಡುವವರ ಮುಂದೆ ಕೂತು ಬರೆಸಿದರು. ಮೂರು ವರ್ಷಕ್ಕೆ ಒಂಬತ್ತು ಅರ್ಜಿ. ಕಳೆದ ಕಾರ್ತಿಕದಲ್ಲಿ, ನೋಡಲು ಬರುತ್ತೇನೆಂದು ಪುರಸಭೆಯ ಓವರ್ಸಿಯರ್ ಹೇಳಿ ಕಳಿಸಿದರು.

ಎಡವಟ್ಟಾದದ್ದು ಆಗಲೇ. ದೊಡ್ಡವರು ಬರುವಾಗ ಅಂಗಳ ಹೊಲಸಿರುವುದುಂಟೇ? ಪುಟ್ಟಬಸಮ್ಮ ಇಡೀ ಬಡಾವಣೆಯನ್ನು ಬೀದಿಗಿಳಿಸಿದರು. ಮೋರಿ ಬಾಚಿ, ಗುಂಡಿಗೆ ಮಣ್ಣು ತುಂಬಿ, ಸಗಣಿ ನೀರು ಚೆಲ್ಲಿ, ನಲವತ್ತೆರಡು ಬಾಗಿಲಿಗೂ ರಂಗೋಲಿ ಇಡಿಸಿದರು. ಓವರ್ಸಿಯರ್ ಕಾಫಿ ಕುಡಿದು, ಎರಡು ಒಳ್ಳೆ ಮಾತಾಡಿ ಹೋದರು. ಹೋಗಿ ಬರೆದದ್ದು: ನಿರ್ವಹಣೆ ತೃಪ್ತಿಕರ, ಪುರಸಭೆ ವಹಿಸಿಕೊಳ್ಳುವ ಅಗತ್ಯವಿಲ್ಲ.

"ಎಲ್ರ ಬಾಯ್ಗೂ ನಾನೇ ಮಣ್ಣಾಕ್ದೆ," ಅನ್ನುತ್ತಾರೆ. ಆವತ್ತಿನಿಂದ ನಲ್ಲಿ ಹತ್ತಿರ ತಲೆ ಎತ್ತಿ ನಿಂತಿಲ್ಲವಂತೆ. ನಾಚಬೇಕಾದವರ ಪಟ್ಟಿ ಮಾಡಿದರೆ ಇವರ ಹೆಸರು ಕಟ್ಟಕಡೆಗೂ ಬರುವುದಿಲ್ಲ. ನಾಚಿಕೊಂಡವರು ಮಾತ್ರ ಇವರೊಬ್ಬರೇ.

ಹತ್ತನೇ ಅರ್ಜಿ ಹೋಯಿತು. ಇವತ್ತು ಮತ್ತೆ ಓವರ್ಸಿಯರ್ ಬರುವ ದಿನ. ಬಿಸಿಲೇರುತ್ತಿದ್ದಂತೆ ರುದ್ರಸ್ವಾಮಿ ಗುದ್ದಲಿ ಹಿಡಿದು ಬಂದ.

"ನೋಡಕಾಗ್ತಿಲ್ಲ ಅತ್ಗೆ. ನಾನೇ ಎತ್ಬುಡ್ತೀನಿ."

"ಆರೊರ್ಸ ಎಲ್ಲೋಗಿದ್ದಪ್ಪಾ? ಮುಟ್ಬ್ಯಾಡ, ನಡಿ."

ಒಂಬತ್ತಕ್ಕೆ ಓವರ್ಸಿಯರ್ ಸೈಕಲ್ ಇಳಿದರು. ಮೂಗಿಗೆ ಕರವಸ್ತ್ರ ಹೋಯಿತು.

"ಏನಮ್ಮ, ಮನುಷ್ಯರು ಇರೋ ಜಾಗವಾ ಇದು? ಹೋದ ಸಲ ಚೆನ್ನಾಗಿತ್ತಲ್ಲ. ದಿನಾ ಯಾರಾದರೂ ಬಾಚ್ತಾರೋ ಇಲ್ಲವೋ?"

ಬಾಗಿಲುಗಳಲ್ಲಿ ನಿಂತವರೆಲ್ಲ ಪುಟ್ಟಬಸಮ್ಮನ ಕಡೆ ನೋಡುತ್ತಾರೆ. ದಿನಾ ಬಾಚ್ತೀನಿ ಅಂದರೆ ಆರು ವರ್ಷದ ಬೆವರಿಗೆ ಒಂದು ಸಾಕ್ಷಿ ಸಿಕ್ಕೀತು. ಆದರೆ ಅರ್ಜಿ ಮತ್ತೆ ಬಿದ್ದುಹೋದೀತು. ನಾಚಿಕೆಗೆ ಅವರ ಮುಖ ಕೆಂಪೇರಿದೆ. ಬೆಂದ ಬೆರಳುಗಳನ್ನು ಸೆರಗಿನೊಳಗೆ ಎಳೆದುಕೊಳ್ಳುತ್ತಾರೆ.

"ಇಲ್ಲ ಸಾ, ಯಾರೂ ಬಾಚಾಕಿಲ್ಲ. ನಾವು ಗಲೀಜು ಜನ. ಅಂಗಂತ್ಲೇ ಬರ್ಕಳಿ."