ಕುರಿಗಳ ನಾಯಿ

ಕಳ್ಳಂಬೆಳ್ಳದ ಕಡೆಯ ನಮ್ಮೂರಿನ ಗ್ರಾಮಸಭೆ. ಶಾಮಿಯಾನದ ಕೆಳಗೆ ಕುರ್ಚಿಯಲ್ಲಿ ಪಿಡಿಒ ಸಾಹೇಬರು, ಪಕ್ಕದಲ್ಲಿ ಕೋಳಿ ಫಾರಂ ಇಟ್ಟಿದ್ದ ಮೆಂಬರ್ರು. ಎದುರಿಗೆ ಜಮಖಾನದ ಮೇಲೆ ಕಾಲಿಗೆ ಬ್ಯಾಂಡೇಜು ಸುತ್ತಿಕೊಂಡ ಒಬ್ಬ ಹೆಂಗಸು, ಕುರಿ ಸಾಕಿಕೊಂಡಿದ್ದ ನಮ್ಮ ದೊಡ್ಡಮ್ಮ, ನಾನು, ಇನ್ನೊಂದಿಷ್ಟು ಜನ. ದೊಡ್ಡಮ್ಮನ ಕುರಿಗಳು ಆ ಹೊತ್ತಿನಲ್ಲಿ ಕೆರೆಯಂಗಳದಲ್ಲಿ ಮೇಯುತ್ತಿದ್ದವು. ನೋಡಿಕೊಳ್ಳಲು ಮನುಷ್ಯರಿರಲಿಲ್ಲ, ಅವಳ ಕಂದು ನಾಯಿ ಇತ್ತು. ಅದಿದ್ದರೆ ಸಾಕು, ಅವಳು ಮದುವೆ ಮನೆಗೂ ಹೋಗಿ ಉಂಡು ಬರುತ್ತಿದ್ದಳು.

ಸಭೆ ಸೇರಿದ್ದು ನಾಯಿ ಕಾಟಕ್ಕೆ. ಆ ಹೆಂಗಸು ಡೈರಿಗೆ ಹಾಲು ಹಾಕಿ ಬರುವಾಗ ನಾಯಿಯೊಂದು ಮೀನಖಂಡ ಕಿತ್ತುಬರುವ ಹಾಗೆ ಕಚ್ಚಿತ್ತು. ಕಚ್ಚಿದ್ದು ಯಾರ ನಾಯಿ ಎಂದು ಊರಿಗೆಲ್ಲ ಗೊತ್ತು. ಫಾರಂನ ಸತ್ತ ಕೋಳಿ ತಿಂದು ಕೊಬ್ಬಿದ ಮೆಂಬರ್ರ ಕರಿ ನಾಯಿ. ಆದರೆ ಸಭೆಯಲ್ಲಿ ಅದಕ್ಕೆ ‘ಒಂದು ನಾಯಿ’ ಎಂದೇ ಹೆಸರು. ಕಚ್ಚಿಸಿಕೊಂಡವಳೂ ಹಾಗೇ ಅಂದಳು. ಅವಳ ಗಂಡ ಕೆಲಸಕ್ಕಿದ್ದದ್ದು ಅದೇ ಫಾರಂನಲ್ಲಿ.

“ಕೊರಳಲ್ಲಿ ಬೆಲ್ಟ್ ಇದ್ರೆ ಸಾಕಿದ ನಾಯಿ, ಇಲ್ದಿದ್ರೆ ಬೀದಿ ನಾಯಿ,” ಎಂದು ಪಿಡಿಒ ತೀರ್ಮಾನ ಓದಿದರು. “ಬೀದಿ ನಾಯಿಗಳನ್ನ ವ್ಯಾನಿನವರು ಹಿಡ್ಕೊಂಡು ಹೋಗಿ ಆಪರೇಷನ್ ಮಾಡಿಸಿ, ಹಿಡಿದ ಜಾಗಕ್ಕೇ ತಂದು ಬಿಡ್ತಾರೆ.”

ದೊಡ್ಡಮ್ಮ ಎದ್ದಳು. “ಕುರಿ ಕಾಯೋ ನಾಯಿ ಕೊರಳಿಗೆ ಏನೂ ಕಟ್ಟಲ್ಲ ಸ್ವಾಮಿ. ಜಾಲಿ ಪೊದೇಲಿ ಸಿಗಾಕ್ಕಂಡ್ರೆ ಅಲ್ಲೇ ನೇಣಾಯ್ತದೆ.”

“ಕುರಿಗಳಿಗೂ ಒಂದೊಂದು ಟೈ ಕಟ್ಬುಡು, ಜೋಡಿ ಚೆನ್ನಾಗಿರ್ತದೆ!” ಅಂದರು ಮೆಂಬರ್ರು. ಜನ ನಕ್ಕರು.

ಪಿಡಿಒ ನಗಲಿಲ್ಲ. “ನಾಯಿ ನಿಮ್ದೇ ತಾನೇನಮ್ಮಾ?”

“ನಂದಲ್ಲ ಸ್ವಾಮಿ, ಕುರಿಗಳ್ದು.”

ಈ ಸಲ ಪಿಡಿಒ ಕೂಡ ನಕ್ಕರು. ನಮ್ಮ ಮನೆಯಲ್ಲಿ ಅದು ನಗುವ ಮಾತಲ್ಲ. ‘ನಂದು ಅಂದ್ರೆ ನಾಯಿ ಮನೆ ಕಾಯ್ತದೆ, ಕುರಿ ಕಾಯಲ್ಲ’ ಎನ್ನುತ್ತಿದ್ದಳು ನಮ್ಮಜ್ಜಿ. ಮರಿ ತಂದರೆ ಹೊಸಿಲು ದಾಟಿಸದೆ ಕುರಿರೊಪ್ಪಕ್ಕೆ ಬಿಟ್ಟು, ಕುರಿ ಹಾಲನ್ನೇ ಕುಡಿಸುತ್ತಾರೆ. ಆಮೇಲೆ ಯಾರು ಕೇಳಿದರೂ ಅದು ಕುರಿಗಳದ್ದೇ. ಇದನ್ನು ಬಿಡಿಸಿ ಹೇಳೋಣವೆಂದು ನಾನೂ ಎದ್ದೆ. ಅಷ್ಟರಲ್ಲಿ ಸಭೆಯ ಮಾತು ಚರಂಡಿಗೆ ಇಳಿದಿತ್ತು.

ಶಿರಾ ಪೇಟೆಯಿಂದ ಕೆಂಪು ಬೆಲ್ಟೊಂದನ್ನು ದೊಡ್ಡಮ್ಮನಿಗೆ ತಂದುಕೊಟ್ಟೆ. “ಇದೇನ್ಲಾ, ನಾಯಿಗೆ ತಾಳಿ ತಂದಿದೀಯ?” ಎಂದಳು. ಆದರೂ ಕಟ್ಟಿದಳು. ಊರೊಳಗಿರುವಷ್ಟು ಹೊತ್ತು ಕಟ್ಟಿ, ಕೆರೆ ಏರಿ ದಾಟುತ್ತಲೇ ಬಿಚ್ಚಿ ಮಡಿಲಿಗೆ ಹಾಕಿಕೊಳ್ಳುವಳು. ಅದೇ ವಾರ ಕರಿ ನಾಯಿಗೂ ಹಿತ್ತಾಳೆ ಗುಬಟಿನ ಬೆಲ್ಟು ಬಂತು. ಕಟ್ಟಿಸಿಕೊಂಡು ರಸ್ತೆ ನಡುವೆಯೇ ಮಲಗತೊಡಗಿತು. ಜನ ಸುತ್ತು ಹಾಕಿಕೊಂಡು ಡೈರಿಗೆ ಹೋದರು.

ವ್ಯಾನು ಬಂದದ್ದು ಕೆರೆ ಏರಿಯ ಆಚೆಗೆ. ಆಮೇಲೆ ದೊಡ್ಡಮ್ಮನೇ ನನಗೆ ಹೇಳಿದ್ದು. ಬಲೆ ಬೀಸಿದಾಗ ನಾಯಿ ಓಡಲಿಲ್ಲವಂತೆ, ಕುರಿಗಳಿಗೆ ಅಡ್ಡ ನಿಂತಿತಂತೆ.

“ಬುಡ್ರಪ್ಪ, ಅದು ಬೀದಿ ನಾಯಲ್ಲ!”

“ಮತ್ಯಾರ್ದಮ್ಮ?”

“ಕುರಿಗಳ್ದು.”

“ಅಂಗಾದ್ರೆ ಕುರಿಗಳೇ ಬಂದು ಸೈನ್ ಹಾಕಿ ಬುಡುಸ್ಕೊಳ್ಳಲಿ,” ಎಂದು ವ್ಯಾನಿನವನು ಬಾಗಿಲು ಜಡಿದ. ಇವಳು ಮಡಿಲಿನಿಂದ ಬೆಲ್ಟು ತೆಗೆದು ಆಡಿಸುತ್ತಾ ಹಿಂದೆ ಓಡಿದಳು. ವ್ಯಾನು ನಿಲ್ಲಲಿಲ್ಲ.

“ನಂದು ಅನ್ನೋಕೇನಾಗಿತ್ತು ದೊಡ್ಡಮ್ಮಾ?” ಅಂದೆ.

“ಬಾಯಿಗೆ ಬರ್ಲಿಲ್ಲ ಕಣ್ಲಾ.”

ಊರಿನ ನಾಯಿಗಳು ಆಪರೇಷನ್ನಿನ ಗುರುತಿಗೆ ಕಿವಿ ತುದಿ ಕತ್ತರಿಸಿಕೊಂಡು ವಾಪಸು ಬಂದವು. ಇದು ಬರಲಿಲ್ಲ. ಪಂಚಾಯ್ತಿಯಲ್ಲಿ ಕೇಳಿದರೆ, “ಹಿಡಿದ ಜಾಗದಲ್ಲೇ ಬಿಟ್ಟಿದೀವಿ” ಎಂದರು. ಟೀ ಅಂಗಡಿಯಲ್ಲಿ ಸಿಕ್ಕ ವ್ಯಾನಿನವನು ಮಾತ್ರ, ಹೊತ್ತಾಗಿತ್ತೆಂದು ಕೊನೆಯ ಟ್ರಿಪ್ಪಿನ ನಾಯಿಗಳನ್ನು ಬುಕ್ಕಾಪಟ್ಟಣದ ಕುರುಚಲು ಕಾಡಿನ ಅಂಚಿಗೇ ಇಳಿಸಿಬಿಟ್ಟೆ ಎಂದ. ತಪ್ಪು ಮಾಡಿದ್ದೇನೆಂಬ ಭಾವವೇ ಅವನ ಮುಖದಲ್ಲಿರಲಿಲ್ಲ. ದೊಡ್ಡಮ್ಮನನ್ನು ಸ್ಕೂಟರಿನ ಹಿಂದೆ ಕೂರಿಸಿಕೊಂಡು ಆ ಕಾಡಂಚೆಲ್ಲ ಸುತ್ತಿದೆ. ಅವಳು ಕುರಿ ಕರೆಯುವ ಕೂಗನ್ನೇ ಕೂಗಿದಳು, ನಾಯಿಗೆ ಬೇರೆ ಹೆಸರೇ ಇರಲಿಲ್ಲ. ಯಾರದೋ ಕುರಿಗಳು ತಲೆ ಎತ್ತಿ ನೋಡಿದವು, ಅಷ್ಟೇ.

ಕಾಯುವವರಿಲ್ಲದ ರೊಪ್ಪಕ್ಕೆ ತೋಳ ಬರಲು ತಡವಾಗಲಿಲ್ಲ. ಮರಿಗಳೆಲ್ಲ ಹೋದವು. ಪರಿಹಾರ ಕೇಳಲು ಹೋದವಳಿಗೆ ಮೆಂಬರ್ರು, “ಒಂದು ಒಳ್ಳೆ ನಾಯಿ ಸಾಕ್ಕೊಬೇಕು ಕಣಮ್ಮ” ಎಂದು ಬುದ್ಧಿ ಹೇಳಿದರು. ಅವರ ಕಾಲ ಬುಡದಲ್ಲಿ ಕರಿ ನಾಯಿ ಮಲಗಿತ್ತು.

ಉಳಿದ ಕುರಿಗಳನ್ನು ದೊಡ್ಡಮ್ಮ ಶಿರಾ ಸಂತೆಗೆ ಹೊಡೆದಳು. ಮೊಂಡಾಟ ಮಾಡುವ ಟಗರಿನ ಕೊರಳಿಗೆ ಆ ಕೆಂಪು ಬೆಲ್ಟು ಕಟ್ಟಿ ಎಳೆದುಕೊಂಡು ಹೋಗಿದ್ದಳು. ಕೊಂಡವನು ಬೆಲ್ಟೂ ಇರಲಿ ಎಂದ. ಕೊಟ್ಟು ಬಂದಳು.