ಕೆಂಪು ಮುಚ್ಚಳದ ಮರ್ವಿನ್
ನಮ್ಮ ಶೆಪರ್ಟನ್ ಊರಿನಲ್ಲಿ ಮರ್ವಿನ್ ಟ್ರೆಲೋರ್ ಬರುತ್ತಿದ್ದಾನೆಂದರೆ ಜನ ತಮ್ಮ ಕಸದ ಡಬ್ಬಿಗೆ ಅಡ್ಡ ನಿಲ್ಲುತ್ತಾರೆ. ಪೀಚ್ ಹಣ್ಣು ಕೂರಿಸುವ ಕಾಗದದ ತಟ್ಟೆಗಳಿಗೆ ಅಚ್ಚು ಮಾಡುವುದು ಅವನ ಕೆಲಸ. ತ್ರೀಡಿ ಪ್ರಿಂಟರಿನಲ್ಲಿ ಪದರದ ಮೇಲೆ ಪದರ ಕೂಡಿಸಿ ಜರಡಿಯಂಥ ಅಚ್ಚು ತೆಗೆಯುತ್ತಾನೆ. ಅದನ್ನು ಕಾಗದದ ಗಂಜಿಯಲ್ಲಿ ಅದ್ದಿ ತೂತುಗಳ ಮೂಲಕ ನೀರು ಹೀರಿ ತೆಗೆದರೆ ತಟ್ಟೆ ಮೂಡುತ್ತದೆ. ಆ ತಟ್ಟೆಯನ್ನು ಮದುವೆ ಮನೆಯಲ್ಲೂ ಸಾವಿನ ಮನೆಯಲ್ಲೂ ಜನರ ಮೂಗಿಗೆ ಹಿಡಿದು, "ಮಣ್ಣಿಗೆ ಹಾಕಿ ನೋಡಿ, ಮಣ್ಣೇ ಆಗೋಗತ್ತೆ!" ಎನ್ನುತ್ತಾನೆ. ಕಸದ ಗಾಡಿ ಬರುವ ಬೆಳಿಗ್ಗೆ ಮರುಬಳಕೆಯ ಕಸಕ್ಕಿರುವ ಎಲ್ಲರ ಡಬ್ಬಿಯ ಹಳದಿ ಮುಚ್ಚಳ ಎತ್ತಿ ಇಣುಕುತ್ತಾನೆ. "ಮತ್ತೆ ಬ್ರೆಡ್ಡಿನ ಪ್ಲಾಸ್ಟಿಕ್ ಚೀಲನಾ ಗ್ಲೆನಿಸ್? ನಾಚಿಕೆ ಆಗಲ್ವಾ ನಿಮಗೆ?" ಎಂದು ಪಕ್ಕದ ಮನೆಯ ಮುದುಕಿಯನ್ನು ಗದರುತ್ತಾನೆ. ಹೂಳುವ ಕಸಕ್ಕಿರುವ ತನ್ನ ಕೆಂಪು ಮುಚ್ಚಳದ ಡಬ್ಬಿಗೆ ಮಾತ್ರ ಹಗ್ಗ ಬಿಗಿದಿಡುತ್ತಾನೆ. ಹೋದ ವಾರದ ಗಾಳಿಗೆ ಅದು ಉರುಳಿ ಹಗ್ಗ ಬಿಚ್ಚಿಕೊಂಡಿತು. ಬೀದಿಯುದ್ದಕ್ಕೂ ಪ್ಲಾಸ್ಟಿಕ್ ಅಚ್ಚುಗಳು: ಅಂಚು ಸೊಟ್ಟಗಾದವು, ತೂತು ಮುಚ್ಚಿಹೋದವು, ಕೆಲಸಕ್ಕೆ ಬಾರದ ರಾಶಿ ರಾಶಿ. ಗ್ಲೆನಿಸ್ ಬಗ್ಗಿ ಬಗ್ಗಿ ಎಲ್ಲವನ್ನೂ ಹೆಕ್ಕಿ, ತನ್ನ ಸ್ವೆಟರಿನ ತೋಳಲ್ಲೇ ಒರೆಸಿ, ಅವನ ಬಾಗಿಲಿಗೆ ತಂದಳು. "ನಿನ್ನ ಕೆಲಸದ ಸಾಮಾನು ಕಣಪ್ಪಾ, ಯಾರೋ ಗೊತ್ತಿಲ್ದೆ ಬಿಸಾಕಿದಾರೆ." ಮರ್ವಿನ್ ಎರಡೂ ಕೈಯಲ್ಲಿ ಇಸಕೊಂಡು, "ಹೌದು, ಯಾರೋ" ಎಂದ. ಈ ವಾರ ಗ್ಲೆನಿಸ್ ತನ್ನ ಹಳದಿ ಮುಚ್ಚಳವನ್ನು ತಾನೇ ಎತ್ತಿ ಹಿಡಿದು, ಬ್ರೆಡ್ಡಿನ ಚೀಲವಿಲ್ಲದ ಡಬ್ಬಿಯನ್ನು ತೋರಿಸಲು ಕಾದು ನಿಂತಿದ್ದಳು. ಮರ್ವಿನ್ ತಲೆ ತಗ್ಗಿಸಿಕೊಂಡು ರಸ್ತೆಯ ಆಚೆ ಬದಿಯಿಂದ ಹೋದ.